ಟ್ವೀಡ್ ಕಿಲ್ಟ್‌ಗೆ ಎಷ್ಟು ಗಜ? ಐದು ಸಾಕೋ, ಎಂಟೇ ಬೇಕೋ?

1. ಮೊಣಕಾಲುದ್ದ

ಹ್ಯಾರಿಸ್ ಟ್ವೀಡ್‌ನಲ್ಲಿ ಕಿಲ್ಟ್ ಹೊಲಿಸಬೇಕು: ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಹಿಂದೆ ನೆರಿಗೆಯಿರುವ ಉಡುಗೆ; ಟ್ವೀಡ್ ಅಂದರೆ ಅಲ್ಲಿಯ ಒರಟು ಉಣ್ಣೆ ಬಟ್ಟೆ. ಬಟ್ಟೆ ಗೊತ್ತಾಗಿದೆ: ಪಾಚಿ ಹಸಿರು, ಕಂದು ಬೆರೆತ ಬಣ್ಣ, ಹೆರಿಂಗ್‌ಬೋನ್ ನೇಯ್ಗೆ (ಮೀನಿನ ಮುಳ್ಳಿನಂಥ ಸಾಲುಗಳು), ಅದರ ಮೇಲೆ 3 ಇಂಚಿಗೊಂದು ತೆಳು ಕಿತ್ತಳೆ ಗೆರೆ ಬಂದು ದೊಡ್ಡ ಚೌಕಗಳಾಗಿವೆ. ಡಬಲ್ ಅಗಲ, 150 ಸೆಂ.ಮೀ. ಪ್ಯಾಂಟಿನ ಸೈಜು 34. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದರೆ 37, ಸೀಟು 42, ಉದ್ದ 24 ಇಂಚು.

ಟಾರ್ಟನ್ (ಕುಲಕ್ಕೊಂದರಂತೆ ಇರುವ ಬಣ್ಣದ ಚೌಕಳಿ ಬಟ್ಟೆ) ಕಿಲ್ಟ್ ಅಂದರೆ 8 ಗಜ ಎಂದು ಎಲ್ಲ ಕಡೆ ಬರೆದಿದ್ದಾರೆ. ಟ್ವೀಡಿಗೂ ಅದೇ ಲೆಕ್ಕವೇ? ಬಳಸುವುದು ಹಗಲಿನ ಮದುವೆಗೆ, ವಾರಾಂತ್ಯದ ನಡಿಗೆಗೆ, ಸ್ಕಾಟ್ಲೆಂಡಿನ ಅಕ್ಟೋಬರ್ ಚಳಿಯಲ್ಲಿ. ಹೊಲಿಯುವವರಿಗೆ ಏನೇನು ಹೇಳಬೇಕು, ಉಡುವಾಗ ಏನು ನೋಡಬೇಕು, ಗೊತ್ತಿದ್ದವರು ತಿಳಿಸಿ.

2. ಹಾಸುಹೊಕ್ಕು

ಅದೇ ಲೆಕ್ಕ ಅಲ್ಲ. 5 ಗಜಕ್ಕೆ ನಿಲ್ಲಿಸಿ. ತುಂಬ ಜನ ತೂಕ ನೋಡಿ ಮೋಸ ಹೋಗುತ್ತಾರೆ, ನೋಡಬೇಕಾದ್ದು ದಪ್ಪವನ್ನು.

ಟಾರ್ಟನ್ ಕಿಲ್ಟಿನ ಬಟ್ಟೆ ವರ್ಸ್ಟೆಡ್. ಉಣ್ಣೆಯನ್ನು ಬಾಚಿ, ಗಿಡ್ಡ ಎಳೆ ತೆಗೆದುಹಾಕಿ, ಉದ್ದ ಎಳೆಗಳನ್ನು ಒಂದೇ ದಿಕ್ಕಿಗೆ ಮಲಗಿಸಿ ಬಿಗಿಯಾಗಿ ನೂತ ನೂಲು ಅದು. ಟ್ವೀಡಿನ ನೂಲಿನಲ್ಲಿ ಎಳೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ, ನಡುವೆ ಗಾಳಿ ತುಂಬಿಕೊಂಡಿರುತ್ತದೆ. ಬೆಚ್ಚಗಿಡುವುದು ಆ ಗಾಳಿ. ನೆರಿಗೆಯನ್ನು ಚೂಪಾಗಿ ನಿಲ್ಲಲು ಬಿಡದೆ ಉಬ್ಬಿಸುವುದೂ ಅದೇ.

ತೂಕದಲ್ಲಿ ಎರಡೂ ಹತ್ತಿರ ಹತ್ತಿರ. 16 ಔನ್ಸಿನ ಕಿಲ್ಟ್ ಬಟ್ಟೆ ಪೂರ್ತಿ ಅಗಲದಲ್ಲಿ ಮೀಟರಿಗೆ ಸುಮಾರು 500 ಗ್ರಾಂ. ಸಾಮಾನ್ಯ ಹ್ಯಾರಿಸ್ ಟ್ವೀಡ್ 470ರಿಂದ 500 ಗ್ರಾಂ. ಹಾಗಾಗಿ "ತೂಕ ಒಂದೇ, 8 ಗಜ ಕೂರುತ್ತದೆ" ಅಂತ ಅನ್ನಿಸುತ್ತದೆ. ಕೂರುವುದಿಲ್ಲ. ನಿಮ್ಮದೇ ಅಳತೆಯಲ್ಲಿ ಲೆಕ್ಕ ಹಾಕೋಣ.

ಸೀಟು 42ರಲ್ಲಿ ಮುಂದಿನ, ನೆರಿಗೆಯಿಲ್ಲದ ಚಪ್ಪಟೆ ಭಾಗವಾದ ಏಪ್ರನ್‌ಗೆ 20 ಇಂಚು, ಹಿಂದಿನ ನೆರಿಗೆಗೆ 22 ಇಂಚು. ಏಪ್ರನ್ ಎರಡು, ಒಳಗಿನದು ಮತ್ತು ಹೊರಗಿನದು, ಒಟ್ಟು 40. ಎರಡು ಪಕ್ಕದ ಆಳದ ಮಡಿಕೆಗಳಿಗೆ ಇನ್ನೊಂದು 20. ಅಲ್ಲಿಗೆ 60 ಇಂಚು ಹೋಯಿತು. 8 ಗಜ ಅಂದರೆ 288 ಇಂಚು. ಉಳಿದ 228 ಇಂಚನ್ನು 22 ಇಂಚು ಜಾಗದಲ್ಲಿ ಮಡಿಚಬೇಕು. ಅಂದರೆ ಬೆನ್ನ ಹಿಂದೆ ಸರಾಸರಿ 10 ಪದರ. 5 ಗಜದಲ್ಲಿ 180ರಿಂದ 60 ಕಳೆದರೆ 120, ಐದೂವರೆ ಪದರ.

ಬಟ್ಟೆಯ ಒಂದು ತುಣುಕು ಸಿಕ್ಕರೆ ಹತ್ತು ಪದರ ಮಡಿಚಿ, ಮೇಲೊಂದು ಪುಸ್ತಕ ಇಟ್ಟು, ಪಕ್ಕದಿಂದ ಸ್ಕೇಲು ಹಿಡಿಯಿರಿ. ಟ್ವೀಡ್ 12 ಮಿ.ಮೀ. ಬಂದು, ಅದೇ ಪರೀಕ್ಷೆಯಲ್ಲಿ ವರ್ಸ್ಟೆಡ್ 7 ಮಿ.ಮೀ. ಬಂತು ಅಂದುಕೊಳ್ಳಿ. ಆಗ 5 ಗಜದ ಟ್ವೀಡ್ ನಿಮ್ಮ ಹಿಂದೆ ಆರೂವರೆ ಮಿ.ಮೀ. ದಪ್ಪ ಕೂರುತ್ತದೆ, ಅಂದರೆ ಹೆಚ್ಚುಕಡಿಮೆ 8 ಗಜದ ಟಾರ್ಟನ್ನಿನಷ್ಟೇ. 8 ಗಜದ ಟ್ವೀಡ್ ಸೊಂಟಕ್ಕೆ ದಿಂಬು ಕಟ್ಟಿಕೊಂಡ ಹಾಗೆ.

3. ಎಂಟುಗಜ

ಲೆಕ್ಕ ಸರಿ ಇದೆ ಸಾರ್. ಆದರೆ ಕಿಲ್ಟಿನ ಚೆಂದ ನಿಂತಾಗ ಅಲ್ಲ, ನಡೆದಾಗ. ಹಿಂದಿನ ನೆರಿಗೆ ಹೆಜ್ಜೆಗೆ ತಕ್ಕ ಹಾಗೆ ಎಡಕ್ಕೂ ಬಲಕ್ಕೂ ತೂಗಬೇಕು. ಅದಕ್ಕೆ ನೆರಿಗೆಯ ಆಳ ಬೇಕು, ಆಳಕ್ಕೆ ಗಜ ಬೇಕು. 4–5 ಗಜದ್ದು ಗಾಳಿಗೆ ಬೇಗ ಎದ್ದೇಳುತ್ತದೆ.

ಇನ್ನೊಂದು ಮಾತು: ಎಲ್ಲ ಟ್ವೀಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಶೆವಿಯಟ್ ಕುರಿಯ ಉಣ್ಣೆಯಲ್ಲಿ ಬಿಗಿಯಾಗಿ ನೇಯ್ದ ಎಸ್ಟೇಟ್ ಟ್ವೀಡ್ (ಸ್ಕಾಟ್ಲೆಂಡಿನ ದೊಡ್ಡ ಎಸ್ಟೇಟುಗಳಿಗೆಂದೇ ನೇಯುವ ಬಟ್ಟೆ) ಗಡುಸು. ಮಡಿಕೆ ಹಿಡಿಯುತ್ತದೆ, 6–7 ಗಜ ತಡೆಯುತ್ತದೆ. ಶೆಟ್ಲೆಂಡ್ ಉಣ್ಣೆ, ಲ್ಯಾಂಬ್ಸ್‌ವೂಲ್ ಇವು ಕೈಗೆ ಮೆತ್ತಗೆ, ಹಾಗಾಗಿ ಜಾಕೆಟ್ಟಿಗೆ ಒಳ್ಳೆಯದು. ಕಿಲ್ಟಿಗೆ ಹಾಕಿದರೆ ಎರಡು ಸಲ ಕೂತೆದ್ದ ಮೇಲೆ ಸೀಟಿನ ಜಾಗ ಜೋತುಬೀಳುತ್ತದೆ. ಡೊನೆಗಾಲ್ ಟ್ವೀಡಿನಲ್ಲಿ ಬಣ್ಣಬಣ್ಣದ ಗಂಟುಗಳಿರುತ್ತವಲ್ಲ, ನೆರಿಗೆಯ ಚೂಪು ಅಂಚಿನಲ್ಲಿ ಮೊದಲು ಉದುರುವುದು ಅವೇ.

4. ದರ್ಜಿಮನೆ

ಎಂಟುಗಜ ಸಾರ್, ತೂಗುವುದಕ್ಕೆ ಆಳ ಬೇಕು ಅನ್ನೋದು ನಿಜ. ಆದರೆ ಪದರ ಒಂದಕ್ಕೊಂದು ಅಂಟಿಕೊಂಡು ಕೂತರೆ ಆಳ ಇದ್ದೂ ತೂಗೋದಿಲ್ಲ. ಟ್ವೀಡಿನ ಮೈ ಒರಟು, ಪದರಗಳು ಜಾರದೆ ಕಚ್ಚಿಕೊಳ್ತವೆ. ವರ್ಸ್ಟೆಡ್ ಜಾರುತ್ತೆ, ಅದಕ್ಕೆ ಅಲ್ಲಿ 8 ಗಜ ಕೆಲಸ ಮಾಡುತ್ತೆ.

ಈ ಬಟ್ಟೆಗೆ ನೆರಿಗೆ ಲೆಕ್ಕ ಹೀಗೆ. ಚೌಕ 3 ಇಂಚಿಗೊಂದು ಬರುತ್ತೆ. ಪ್ರತಿ ನೆರಿಗೆಯಲ್ಲೂ ಕಿತ್ತಳೆ ಗೆರೆ ಒಂದೇ ಜಾಗದಲ್ಲಿ ಕಾಣಬೇಕಾದರೆ ನೆರಿಗೆಗೆ 3ರ ಗುಣಕದಲ್ಲೇ ಬಟ್ಟೆ ಕೊಡಬೇಕು: 3, 6 ಇಲ್ಲಾ 9. 6 ಇಂಚು ತಗೊಳ್ಳಿ. 120 ಇಂಚಿನಲ್ಲಿ 20 ನೆರಿಗೆ. ಸೀಟಿನ ಹತ್ತಿರ ಹೊರಗೆ ಕಾಣೋದು 22 ಭಾಗಿಸು 20, ಅಂದರೆ 1.1 ಇಂಚು. ಒಳಗಿನ ಆಳ ಸುಮಾರು ಎರಡೂವರೆ ಇಂಚು. ಸೊಂಟದ ಹತ್ತಿರ ಹಿಂಭಾಗಕ್ಕೆ ಬರೋದು ಹದಿನೆಂಟೂವರೆ ಇಂಚು, ಅಲ್ಲಿ ನೆರಿಗೆ ಒಂದಕ್ಕೆ 0.9 ಚಿಲ್ಲರೆ. ಅಂದರೆ ಪ್ರತಿ ನೆರಿಗೆ ಕೆಳಗಿನಿಂದ ಮೇಲಕ್ಕೆ ಒಂದು ಇಂಚಿನ ಐದನೇ ಒಂದು ಪಾಲಿಗಿಂತ ತುಸು ಕಡಿಮೆ ಕಿರಿದಾಗುತ್ತೆ. ಇದು ಕೈ ಹೊಲಿಗೆಯ ಕೆಲಸ. ಒಂದೊಂದು ನೆರಿಗೆಯಲ್ಲಿ ನೂಲಿನಷ್ಟು ತಪ್ಪಿದರೂ ಇಪ್ಪತ್ತು ಸೇರಿ ಒಂದು ಇಂಚು ವ್ಯತ್ಯಾಸ ಬಂದುಬಿಡುತ್ತೆ. ಹೊಲಿಯುವಾಗ ಐದೈದು ನೆರಿಗೆಗೊಮ್ಮೆ ಟೇಪು ಹಿಡಿಯಲೇಬೇಕು.

ಸೊಂಟದಿಂದ ಸೀಟಿನವರೆಗೆ ನೆರಿಗೆ ಹೊಲಿದು ಕೂರಿಸೋ ಭಾಗಕ್ಕೆ ಫೆಲ್ ಅಂತಾರೆ. 24 ಇಂಚು ಉದ್ದಕ್ಕೆ ಫೆಲ್ ಸುಮಾರು 8 ಇಂಚು. ಇಲ್ಲಿ ಟ್ವೀಡ್ ಒಂದು ಉಪಕಾರ ಮಾಡುತ್ತೆ: ಹೊಲಿಗೆ ಬಟ್ಟೆಯೊಳಗೆ ಮುಳುಗಿ ಮಾಯವಾಗುತ್ತೆ. ಅದೇ ಧೈರ್ಯದಲ್ಲಿ ದಾರ ಎಳೆದು ಬಿಗಿದರೆ ಹೊಲಿಗೆಯುದ್ದಕ್ಕೂ ಕುಳಿ ಬೀಳುತ್ತೆ. ದಾರ ಕೂತಿರಬೇಕು, ಎಳೀಬಾರದು.

ಫೆಲ್ ಹೊಲಿದಾದ ಮೇಲೆ ನೆರಿಗೆಯ ಒಳಪದರಗಳನ್ನು ಸೊಂಟದ ಭಾಗದಲ್ಲಿ ಕತ್ತರಿಸಿ ತೆಗೀಬೇಕು. ಟಾರ್ಟನ್ನಿನಲ್ಲೂ ತೆಗೀತಾರೆ, ಟ್ವೀಡಿನಲ್ಲಿ ತಪ್ಪಿಸುವಂತೇ ಇಲ್ಲ. ತೆಗೆದ ಜಾಗ ಜಾರದ ಹಾಗೆ ಒಳಗೆ ಅಡ್ಡ ಹೊಲಿಗೆ ಹಾಕಿ, ಅದರ ಮೇಲೆ ಗಟ್ಟಿ ಕ್ಯಾನ್ವಾಸ್, ಅದರ ಮೇಲೆ ಹತ್ತಿಯ ಲೈನಿಂಗ್. ನೆರಿಗೆಯ ಭಾರ ಹೊರೋದು ಈ ಕ್ಯಾನ್ವಾಸ್. ಅದು ಇಲ್ಲದ ಅಗ್ಗದ ಕಿಲ್ಟ್ ಆರು ತಿಂಗಳಲ್ಲಿ ಹಿಂದೆ ಜೋಲುತ್ತೆ. ಶರ್ಟಿನ ಕಾಲರಿಗೆ ಹಾಕೋ ಅಂಟು ಬಕ್ರಂ ಇಲ್ಲಿಗೆ ಆಗೋದಿಲ್ಲ, ಬಿಸಿಗೆ ಗುಳ್ಳೆ ಏಳುತ್ತೆ.

ಈಗ ಯಾರೂ ಹೇಳದ ವಿಷಯ. ಹೆರಿಂಗ್‌ಬೋನ್ ಸಾಲು ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಬಿಗಿಯೋ ನೂಲಿನ) ಉದ್ದಕ್ಕೆ ಓಡುತ್ತೆ. ಜಾಕೆಟ್ಟಿನಲ್ಲಿ ಹಾಸು ಮೇಲಿಂದ ಕೆಳಕ್ಕೆ ಬರೋದರಿಂದ ಸಾಲುಗಳು ನೆಟ್ಟಗೆ ನಿಲ್ತವೆ. ಕಿಲ್ಟಿನಲ್ಲಿ ಹಾಸು ಸೊಂಟದ ಸುತ್ತ ಹೋಗುತ್ತೆ. ಸಾಲೆಲ್ಲ ಮಲಗಿಬಿಡ್ತವೆ! ಅಂಗಡಿಯಲ್ಲಿ ಬಟ್ಟೆಯನ್ನು ನಿಲ್ಲಿಸಿ ನೋಡಿ ಮೆಚ್ಚಿದವರು ಕಿಲ್ಟ್ ಕೈಗೆ ಬಂದಾಗ "ಇದು ನಾನು ಆರಿಸಿದ್ದಲ್ಲ" ಅನ್ನೋದು ಇದಕ್ಕೇ.

5. ಮೊಣಕಾಲುದ್ದ

ಇದು ಹೊಳೆದೇ ಇರಲಿಲ್ಲ. ಸಾಲು ನೆಟ್ಟಗೇ ಬೇಕಾದರೆ ದಾರಿ ಇದೆಯೇ? ಮತ್ತೆ ಕಿಲ್ಟಿನ ಕೆಳ ಅಂಚಿಗೆ ಹೆಮ್ಮಿಂಗ್ ಇರಬಾರದು, ಬಟ್ಟೆಯ ಸ್ವಂತ ಅಂಚೇ ಇರಬೇಕು ಎನ್ನುತ್ತಾರಲ್ಲ?

6. ದರ್ಜಿಮನೆ

ದಾರಿ ಇದೆ. ಬಟ್ಟೆಯನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳದೆ ಅಡ್ಡಕ್ಕೆ ಕತ್ತರಿಸಬೇಕು. 150 ಸೆಂ.ಮೀ. ಅಗಲದಲ್ಲಿ ಅಂಚು, ಹೊಲಿಗೆ ಬಿಟ್ಟು 58 ಇಂಚು ಸಿಗುತ್ತೆ. ಒಂದೊಂದು 26 ಇಂಚು ಉದ್ದದ ಮೂರು ತುಂಡು ಜೋಡಿಸಿದರೆ 174 ಇಂಚು, ಅಂದರೆ 5 ಗಜಕ್ಕೆ 6 ಇಂಚು ಕಡಿಮೆ. ಒಂದು ನೆರಿಗೆ ಬಿಟ್ಟು 19 ಮಾಡಿ, ಹೊರಗೆ ಕಾಣೋದು 1.16 ಇಂಚಾಗುತ್ತೆ, ತೊಂದರೆ ಇಲ್ಲ. ಜೋಡಣೆ ಎರಡೂ ನೆರಿಗೆಯ ಒಳಮಡಿಕೆಯಲ್ಲಿ ಬರೋ ಹಾಗೆ ಮೊದಲೇ ಗುರುತು ಹಾಕಬೇಕು, ಏಪ್ರನ್ ಮೇಲೆ ಬಂತೋ ಮುಗೀತು ಕತೆ. ಇದಕ್ಕೆ ಬೇಕಾಗೋ ಬಟ್ಟೆ ಡಬಲ್ ಅಗಲದಲ್ಲಿ 78 ಇಂಚು. ಚೌಕ ಹೊಂದಿಸಲು ತುಂಡಿಗೆ 3 ಇಂಚು ಹೆಚ್ಚಿಗೆ ಹಿಡಿದು ಎರಡೂವರೆ ಗಜ ತಗೊಳ್ಳಿ. ಉದ್ದಕ್ಕೆ ಸೀಳಿದರೂ ಅಷ್ಟೇ ಬಟ್ಟೆ, ಆದ್ದರಿಂದ ಖರ್ಚಿನ ವ್ಯತ್ಯಾಸ ಇಲ್ಲ, ಕೂಲಿ ಮಾತ್ರ ಹೆಚ್ಚು.

ಅಂಚಿನ ವಿಷಯ: ಟಾರ್ಟನ್ ಬಟ್ಟೆಗೆ ಕಿಲ್ಟಿಗೆಂದೇ ಚೊಕ್ಕ ಅಂಚು ನೇಯ್ದಿರ್ತಾರೆ. ಟ್ವೀಡಿನ ಅಂಚು ಜಾಕೆಟ್ ಹೊಲಿಯೋರಿಗೆ, ಅವರು ಕತ್ತರಿಸಿ ಬಿಸಾಡೋ ಭಾಗ. ಬಟ್ಟೆ ಒಣಗಿಸುವಾಗ ಮೊಳೆ ಚುಚ್ಚಿದ ತೂತು ಸಾಲಾಗಿ ಇರ್ತವೆ. ಆದ್ದರಿಂದ ಟ್ವೀಡ್ ಕಿಲ್ಟಿಗೆ ಹೆಮ್ಮಿಂಗ್ ತಪ್ಪಲ್ಲ. ಆದರೆ ಎರಡು ಮಡಿಕೆಯ ಹೆಮ್ಮಿಂಗ್ ಬೇಡ, ಕೆಳಗೆ ಹಗ್ಗದ ಹಾಗೆ ದಪ್ಪ ಆಗುತ್ತೆ. ಅಂಚಿಗೆ ತೆಳು ಹತ್ತಿ ಪಟ್ಟಿ ಹೊಲಿದು, ಒಂದೇ ಮಡಿಕೆ ಮಡಿಚಿ, ಒಳಗಿನಿಂದ ಸಡಿಲ ಕೈ ಹೊಲಿಗೆ. ಸೀರೆಗೆ ಫಾಲ್ ಹಚ್ಚೋ ಕೈ ಇದ್ದರೆ ಇದು ಸಲೀಸು.

ಉದ್ದಕ್ಕೇ ಸೀಳಿದವರು ಮಾಡೋ ತಪ್ಪು ಒಂದಿದೆ. ಎರಡೂ ಹೋಳಿನ ಅಂಚು ಕೆಳಗೆ ಬರಲಿ ಅಂತ ಒಂದು ಹೋಳನ್ನು ತಿರುಗಿಸಿ ಜೋಡಿಸ್ತಾರೆ. ಟ್ವೀಡಿನ ರೋಮ ಒಂದು ದಿಕ್ಕಿಗೆ ಮಲಗಿರುತ್ತೆ. ತಿರುಗಿಸಿದ ಹೋಳು ಬಿಸಿಲಿಗೆ ಬೇರೆ ಬಣ್ಣವೇ ಅನ್ನೋ ಹಾಗೆ ಕಾಣುತ್ತೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗೋದಿಲ್ಲ.

7. ಹಾಸುಹೊಕ್ಕು

ದರ್ಜಿಮನೆಯವರ ಮಾತಿಗೆ ಒಂದು ಸೇರ್ಪಡೆ. ಹಳೆಯ ಹ್ಯಾಟರ್ಸ್‌ಲಿ ಮಗ್ಗದಲ್ಲಿ ನೇಯ್ದ ಒಂಟಿ ಅಗಲದ ಹ್ಯಾರಿಸ್ ಟ್ವೀಡ್ ಸಿಕ್ಕರೆ ಬಿಡಬೇಡಿ. ಅಗಲ ಸುಮಾರು 75 ಸೆಂ.ಮೀ., ಅಂದರೆ 29 ಇಂಚಿನ ಹತ್ತಿರ. 24 ಇಂಚಿನ ಕಿಲ್ಟಿಗೆ ಹೇಳಿ ಮಾಡಿಸಿದ ಅಗಲ. ಸೀಳುವ, ಜೋಡಿಸುವ ಗೋಜಿಲ್ಲದೆ 5 ಗಜ ಒಂದೇ ತುಂಡು. ಹೆರಿಂಗ್‌ಬೋನ್ ಮಾತ್ರ ಮಲಗಿಯೇ ಇರುತ್ತದೆ. ಸಾದಾ ಟ್ವಿಲ್ (ಓರೆ ಗೆರೆಯ ನೇಯ್ಗೆ) ಆದರೆ ಆ ಚಿಂತೆಯೂ ಇಲ್ಲ. ಈಗ ಹೆಚ್ಚಾಗಿ ಬರುವುದು 1990ರ ದಶಕದಲ್ಲಿ ಬಂದ ಡಬಲ್ ಅಗಲದ ಮಗ್ಗಗಳ ಬಟ್ಟೆ. ಅದೂ ಕಾಲಲ್ಲಿ ತುಳಿದೇ ನಡೆಯುವ ಮಗ್ಗ.

ಹ್ಯಾರಿಸ್ ಟ್ವೀಡ್ ಎಂದು ಹೇಳಿ ಮಾರುವುದೆಲ್ಲ ಅದೇ ಆಗಿರುವುದಿಲ್ಲ. 1993ರ ಹ್ಯಾರಿಸ್ ಟ್ವೀಡ್ ಕಾಯಿದೆಯ ಪ್ರಕಾರ ಶುದ್ಧ ಹೊಸ ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು, ಕೊನೆಯ ಹದ ಮಾಡುವುದು ಎಲ್ಲ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಆಗಬೇಕು. ನೇಯುವುದು ದ್ವೀಪದವರು ತಮ್ಮ ಮನೆಯಲ್ಲಿ, ಕೈಮಗ್ಗದಲ್ಲಿ. ಬಟ್ಟೆಯ ಹಿಂಬದಿಯಲ್ಲಿ ಗೋಳದ ಮೇಲೆ ಶಿಲುಬೆ ಇರುವ ಮುದ್ರೆ ಒತ್ತಿರುತ್ತಾರೆ. ಅದು 1910ರಲ್ಲಿ ನೋಂದಣಿಯಾದ ಗುರುತು. ಕಾಲರಿಗೆ ಹೊಲಿಯುವ ಲೇಬಲ್ ನೋಡಿದರೆ ಸಾಲದು, ಬಟ್ಟೆ ತಿರುವಿ ಮುದ್ರೆ ಹುಡುಕಿ. ಆ ಮುದ್ರೆಯ ಭಾಗ ಏಪ್ರನ್‌ನ ಒಳಬದಿಗೆ ಬರುವಂತೆ ಕತ್ತರಿಸಲು ಹೇಳುವವರೂ ಉಂಟು. ನಿರುಪದ್ರವಿ ಶೋಕಿ.

ಕತ್ತರಿ ಹಾಕುವ ಮುಂಚೆ ಇಡೀ ಬಟ್ಟೆಗೆ ಹಬೆ ಕೊಟ್ಟು ಒಂದು ರಾತ್ರಿ ಹರಡಿ ಬಿಡಬೇಕು. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ನೆರಿಗೆ ಹೊಲಿದ ಮೇಲೆ ಕುಗ್ಗಿದರೆ ಫೆಲ್ ಮಾತ್ರ ಸುಕ್ಕುಗಟ್ಟಿ, ಕೆಳಗಿನದು ಹಾಗೇ ಉಳಿದು ನೆರಿಗೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ.

8. ಪೇಡೆಪ್ರಿಯ

ಹೊಲಿಯೂದು ಆತು. ಉಡೂದರ ಬಗ್ಗೆ ಯಾರೂ ಬಾಯಿ ಬಿಡವಲ್ರಿ, ನಾ ಹೇಳ್ತೀನಿ ಕೇಳ್ರಿ.

ಮೊದಲ ಕಾಲುಚೀಲ, ಬೂಟು ಹಾಕ್ಕೊಂಡು ಬಿಡ್ರಿ. ಕಿಲ್ಟ್ ಬಿಗದ ಮ್ಯಾಲೆ ಬಗ್ಗಿ ಲೇಸ್ ಕಟ್ಟೂದು ಭಾಳ ತ್ರಾಸ, ನೆರಗಿನೂ ಮುದುಡ್ತಾವ.

ಕಿಲ್ಟ್ ಬೆನ್ನಿಗೆ ಹಿಡೀರಿ. ಬಲಗೈಯಾಗಿನ ತುದಿ ಹೊಟ್ಟಿ ಮ್ಯಾಲಿಂದ ಎಡಕ್ಕ. ಅದರ ಪಟ್ಟಿ ಎಡಗಡೆ ಸೀಳಿನಾಗಿಂದ ಹೊರಗ ತಗದು ಬಕಲ್ ಹಾಕ್ರಿ. ಆಮ್ಯಾಲೆ ಎಡಗೈಯಾಗಿನ ತುದಿ ಬಲಕ್ಕ. ಕುಚ್ಚು ಇರೂ ಅಂಚು ಬಲದೊಡಿ ಮ್ಯಾಲೆ ಬರ್ತದ. ಬಲಕ್ಕ ಎರಡು ಬಕಲ್ ಇರ್ತಾವ: ಮ್ಯಾಲಿಂದು ಬಿಗಿ, ಕೆಳಗಿಂದು ಬರೇ ಹಿಡಕೊಂಡಿರಬೇಕು. ಕೆಳಗಿಂದನ್ನ ಜಗ್ಗಿ ಬಿಗದ್ರ ಹಿಂದ ಸೀಟಿನ ಮ್ಯಾಲೆ ನೆರಗಿ ಬಾಯಿ ತಗೀತಾವ. ಟ್ವೀಡ್ ಹಿಗ್ಗೂ ಬಟ್ಟಿ, ಅದರಾಗಂತೂ ಇದು ಲಗೂನ ಆಗ್ತದ.

ಬಕಲ್ ಹೊಕ್ಕಳದ ಮಟ್ಟಕ್ಕ. ಅದರ ಮ್ಯಾಲೆ ಎರಡಿಂಚು ಬಟ್ಟಿ. ಪ್ಯಾಂಟ್ ಕಟ್ಟೂ ಜಾಗಾದಾಗ ಕಟ್ಟಿದ್ರ ಕಿಲ್ಟ್ ಮೊಣಕಾಲ ಮುಚ್ಚಿ ಲುಂಗಿ ಆಗ್ತದ. ಮೊಣಕಾಲೂರಿ ಕುಂತು ನೋಡ್ರಿ: ಕೆಳಗಿನ ಅಂಚು ನೆಲಕ್ಕ ತಾಗಬಾರದು, ಒಂದಿಂಚಿನಷ್ಟು ಮ್ಯಾಲಿರಬೇಕು.

ಸ್ಪಾರನ್, ಅಂದ್ರ ಮುಂದ ಜೋತಾಡೂ ಚೀಲ: ಟ್ವೀಡಿಗೆ ಕಂದು ಚರ್ಮದ್ದು. ಬೆಳ್ಳಿ ಕಟ್ಟಿನ, ತುಪ್ಪಳದ ಸ್ಪಾರನ್ ಸಂಜಿ ದಿರಿಸಿಂದು, ಇದಕ್ಕ ಹೊಂದೂದಿಲ್ಲ. ಅದರ ಮ್ಯಾಲಿನ ಅಂಚು ಬಕಲಿನಿಂದ ನಾಲ್ಕು ಬೆರಳು ಕೆಳಗ. ಅದಕ್ಕೂ ಕೆಳಗ ಬಿಟ್ರ ನಡದಾಗ ತೊಡಿಗೆ ಬಡೀತದ. ಸರಪಳಿ ಬ್ಯಾಡ್ರಿ, ಪೂರಾ ಚರ್ಮದ ಪಟ್ಟಿ ತಗೋರಿ. ಸರಪಳಿ ಟ್ವೀಡ್ ಮ್ಯಾಲೆ ಅರದಂಗ ಆಡ್ತದ, ಸೊಂಟದ ಸುತ್ತ ಗೀರು ಬಿದ್ದು ಬಟ್ಟಿ ಬೋಳ ಆಗ್ತದ.

ಪಿನ್ನು ಹೊರಗಿನ ಏಪ್ರನ್ನಿಗೆ ಮಾತ್ರ, ಕುಚ್ಚಿನ ಅಂಚಿಂದ ಎರಡಿಂಚು ಒಳಗ, ಕೆಳಗಿಂದ ನಾಲ್ಕಿಂಚು ಮ್ಯಾಲೆ. ಒಳಗಿಂದಕ್ಕೂ ಸೇರಿಸಿ ಚುಚ್ಚಿದ್ರ ಕುಂತಾಗ ಹರೀತದ. ಟ್ವೀಡಿನ ನೇಯ್ಗಿ ಸಡ್ಲ, ಭಾರದ ಪಿನ್ನು ಜಗ್ಗಿ ತೂತು ದೊಡ್ಡದು ಮಾಡ್ತದ. ಹಗುರಂದು ಹಾಕ್ರಿ, ಇಲ್ಲಾ ಬಿಡ್ರಿ.

ಕಾಲುಚೀಲದ ಮಡಿಕಿ ಮೊಣಕಾಲ ಚಿಪ್ಪಿಂದ ಮೂರು ಬೆರಳು ಕೆಳಗ. ಕಪ್ಪು, ಬಿಳಿ ಬ್ಯಾಡ. ಬಟ್ಟಿಯೊಳಗ ಇರೂ ಯಾವುದರೆ ಒಂದು ಬಣ್ಣ ಆರಸ್ರಿ. ನಿಮ್ಮ ಬಟ್ಟಿಗೆ ಪಾಚಿ ಹಸಿರು ಇಲ್ಲಾ ಗೋದಿ ಬಣ್ಣ. ಕಿತ್ತಳಿ ಕಾಲುಚೀಲ ಹಾಕಿದ್ರ ಊರಿಗೆಲ್ಲಾ ಕಾಣ್ತೀರಿ. ಕಿತ್ತಳಿಯನ್ನ ಕಾಲುಚೀಲದ ಪಟ್ಟಿಯ ತುದಿಗೆ ಬಿಡ್ರಿ, ಮಡಿಕಿ ಕೆಳಗ ಒಂದೂವರೆ ಇಂಚು ಕಂಡ್ರ ಸಾಕು.

ಒಳಗ ಏನು ಹಾಕ್ಕೋಬೇಕು ಅಂತ ಕೇಳಾವ್ರು ಕೇಳೇ ಕೇಳ್ತಾರ. ಹ್ಯಾರಿಸ್ ಟ್ವೀಡ್ ಬರಿ ಮೈಗೆ ಕಂಬಳಿ ಇದ್ದಂಗ. ಹತ್ತಿ ಚಡ್ಡಿ ಹಾಕ್ರಿ, ಪರಂಪರಾ ಏನ್ ಮುಳುಗೂದಿಲ್ಲ.

9. ಮೊಣಕಾಲುದ್ದ

ಅದ್ಭುತ ಪೇಡೆಪ್ರಿಯ ಅಣ್ಣ. ಜಾಕೆಟ್? ಅದೇ ಬಟ್ಟೆಯಲ್ಲಿ ಜಾಕೆಟ್, ವೇಸ್ಟ್‌ಕೋಟ್ ಎರಡೂ ಹೊಲಿಸಿದರೆ ಹೇಗೆ?

10. ಎಂಟುಗಜ

ಮೂರೂ ಒಂದೇ ಬಟ್ಟೆಯಲ್ಲಾದರೆ ಸೋಫಾ ಕವರ್. ಎರಡು ಒಂದು ತರಹ, ಒಂದು ಬೇರೆ. ಕಿಲ್ಟಿನಲ್ಲಿ ಚೌಕ ಇರುವಾಗ ಜಾಕೆಟ್ ಚೌಕವಿಲ್ಲದ್ದು, ನೇಯ್ಗೆ ಕಿಲ್ಟಿಗಿಂತ ನವಿರಾದದ್ದು. ಮಾಮೂಲಿ ಕೋಟು ಹಾಕಬೇಡಿ; ಅದು ಸೀಟಿನ ಕೆಳಗೆ ಬಂದು ಅಷ್ಟು ಕಷ್ಟಪಟ್ಟು ಹೊಲಿದ ಫೆಲ್ಲನ್ನೆಲ್ಲ ಮುಚ್ಚುತ್ತದೆ, ಮುಂದೆ ಸ್ಪಾರನ್‌ಗೆ ಜಾಗ ಬಿಡುವುದಿಲ್ಲ. ಕಿಲ್ಟ್ ಜಾಕೆಟ್ ಗಿಡ್ಡ, ಮುಂಭಾಗ ಸ್ಪಾರನ್‌ಗಾಗಿ ಓರೆಯಾಗಿ ಕತ್ತರಿಸಿರುತ್ತಾರೆ. ಆರ್ಗೈಲ್ ಅಂತ ಕೇಳಿ, ಕೊಂಬಿನ ಗುಂಡಿ ಹಾಕಿಸಿ. ವೇಸ್ಟ್‌ಕೋಟ್ ಇದ್ದರೆ ಅಗಲ ಬೆಲ್ಟ್ ಬೇಡ, ಹೊಟ್ಟೆಯ ಮೇಲೆ ಬಕಲ್ ಉಬ್ಬುತ್ತದೆ. ಸಂಜೆ ಕಪ್ಪು ಬೋ ಟೈ ಸಮಾರಂಭಕ್ಕೆ ಟ್ವೀಡ್ ಕಿಲ್ಟ್ ಸಲ್ಲದು, ಎಷ್ಟೇ ದುಬಾರಿಯದಾದರೂ.

ಟ್ವೀಡ್ ಕಿಲ್ಟ್ ಇತ್ತೀಚಿನ ಫ್ಯಾಷನ್, ಕಿಲ್ಟ್ ಎಂದರೆ ಟಾರ್ಟನ್ನೇ ಎಂದು ಮೂಗು ಮುರಿಯುವವರು ಸಿಗುತ್ತಾರೆ. ಅವರಿಗೆ ಲಂಡನ್ ಸ್ಕಾಟಿಷ್ ಪಡೆಯನ್ನು ತೋರಿಸಿ. 1859ರಲ್ಲಿ ಆ ಪಡೆ ಕಟ್ಟಿದಾಗ ಅದರ ನಾಯಕ ಲಾರ್ಡ್ ಎಲ್ಕೊ ಯಾವ ಕುಲದ ಟಾರ್ಟನ್ ಎಂಬ ಜಗಳವೇ ಬೇಡವೆಂದು ಹಾಡನ್ ಗ್ರೇ ಎಂಬ ಒಂದೇ ಬಣ್ಣದ ಬಟ್ಟೆ ಆರಿಸಿದರು. ಹೆಸರಿನಲ್ಲಿ ಬೂದು, ನೋಡಲು ಕಂದು. ಅದರಲ್ಲೇ ಅವರ ಕಿಲ್ಟ್. ಐರಿಷ್ ಬ್ಯಾಗ್‌ಪೈಪ್ ವಾದಕರ ಕೇಸರಿ ಕಿಲ್ಟ್‌ನಲ್ಲೂ ಚೌಕವಿಲ್ಲ.

ಎಸ್ಟೇಟ್ ಟ್ವೀಡ್‌ಗೆ ಮಾತ್ರ ಎಚ್ಚರಿಕೆ. ಅದು ಆಯಾ ಎಸ್ಟೇಟಿನ ಜಿಂಕೆ ಕಾಡಿನ ಕಾವಲುಗಾರರಿಗೆ, ಅಲ್ಲಿಯ ಬೆಟ್ಟದ ಬಣ್ಣದಲ್ಲಿ ಮರೆಯಾಗಲು ನೇಯಿಸಿದ ಬಟ್ಟೆ. ಬಾಲ್ಮೊರಲ್ ಎಸ್ಟೇಟಿನ ಟ್ವೀಡನ್ನು ವಿನ್ಯಾಸ ಮಾಡಿದ್ದು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್. ಇನ್ನೊಬ್ಬರ ಎಸ್ಟೇಟಿನ ಟ್ವೀಡ್ ಕೇಳದೆ ಹಾಕಿಕೊಳ್ಳುವುದು ಬೇರೆ ಶಾಲೆಯ ಯೂನಿಫಾರಂ ಹಾಕಿದ ಹಾಗೆ.

11. ಕುರಿಮಂದೆ

ಒಂದು ಅಡ್ಡ ಪ್ರಶ್ನೆ. ಟ್ವೀಡ್ ಒರಟು ಉಣ್ಣೆ, ಕೈಮಗ್ಗ. ನಮ್ಮ ದಖನಿ ಕುರಿಯ ಕಂಬಳಿಯೂ ಅದೇ. ಕಂಬಳಿ ಬಟ್ಟೆಯಲ್ಲಿ ಕಿಲ್ಟ್ ಆಗುತ್ತದೆಯೇ? ಚಳ್ಳಕೆರೆ ಕಡೆಯ ಕರಿ ಕಂಬಳಿ ನೋಡಲು ಏನೂ ಕಡಿಮೆ ಇಲ್ಲ.

12. ಹಾಸುಹೊಕ್ಕು

ನೋಡಲು ಕಡಿಮೆ ಇಲ್ಲ, ಮಡಿಚಲು ಆಗದು. ಕಂಬಳಿ ಸಾದಾ ನೇಯ್ಗೆ: ಹೊಕ್ಕಿನ ನೂಲು ಹಾಸಿನ ಒಂದು ನೂಲಿನ ಮೇಲೆ, ಮುಂದಿನದರ ಕೆಳಗೆ. ಟ್ವೀಡ್ ಹೆಚ್ಚಾಗಿ ಟ್ವಿಲ್: ಎರಡರ ಮೇಲೆ, ಎರಡರ ಕೆಳಗೆ, ಪ್ರತಿ ಸಾಲಿಗೂ ಒಂದು ನೂಲು ಪಕ್ಕಕ್ಕೆ. ಅದರಿಂದಲೇ ಓರೆ ಗೆರೆ, ಅದರಿಂದಲೇ ಬಟ್ಟೆ ಬಳುಕುವುದು. ಟ್ವೀಡ್ ಎಂಬ ಹೆಸರೂ ಸ್ಕಾಟರು ಟ್ವಿಲ್‌ಗೆ ಅನ್ನುತ್ತಿದ್ದ ಟ್ವೀಲ್ ಎಂಬ ಮಾತನ್ನು ತಪ್ಪಾಗಿ ಓದಿದ್ದರಿಂದ ಬಂತು ಎನ್ನುತ್ತಾರೆ. ಮೇಲಾಗಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ. ಹೊದೆಯಲು ಅದು ಬೇಕು. ನೆರಿಗೆ ಹಾಕಿದರೆ ತಗಡಿನ ಹಾಗೆ ನಿಲ್ಲುತ್ತದೆ. ಗಂಜಿ ಹಚ್ಚದ ಉಣ್ಣೆಯನ್ನು ಟ್ವಿಲ್‌ನಲ್ಲಿ ನೇಯಿಸಿ, ಬಿಸಿನೀರಿನಲ್ಲಿ ತುಳಿದು ಹದಮಾಡಿಸಿದರೆ ಆಗ ಮಾತಾಡಬಹುದು. ಆಗಲೂ 4 ಗಜ, ಬಾಕ್ಸ್ ನೆರಿಗೆ.

13. ದರ್ಜಿಮನೆ

ಇಸ್ತ್ರಿ ಬಗ್ಗೆ ಕೇಳೋ ಮುಂಚೆಯೇ ಹೇಳಿಬಿಡ್ತೀನಿ. ಕಿಲ್ಟ್ ಕೆಡೋದು ಉಡೋದರಿಂದ ಅಲ್ಲ, ಇಸ್ತ್ರಿಯಿಂದ.

ಮೊದಲು ಕಚ್ಚಾ ಹೊಲಿಗೆ. ಹತ್ತಿ ದಾರದಲ್ಲಿ, ಎಲ್ಲ ನೆರಿಗೆ ನೇರ ಮಾಡಿ, ಕೆಳ ಅಂಚಿಂದ 2 ಇಂಚು ಮೇಲೆ ಒಂದು ಸಾಲು, ಅದಕ್ಕಿಂತ 6 ಇಂಚು ಮೇಲೆ ಇನ್ನೊಂದು ಸಾಲು. ನೆರಿಗೆ ಒಂದರ ಅಂಚನ್ನು ಪಕ್ಕದ್ದಕ್ಕೆ ಓರೆಯಾಗಿ ಹಿಡಿಯೋ ಉದ್ದ ಹೊಲಿಗೆ. ಅಂಚು ಹೊರಗೆ ಬಾಗಬಾರದು, ಫೆಲ್ಲಿನಿಂದ ಕೆಳಕ್ಕೆ ದಾರ ಬಿಟ್ಟ ಹಾಗೆ ಇಳಿಯಬೇಕು. ಇಪ್ಪತ್ತು ನೆರಿಗೆಗೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಹಿಡಿಯಲಿ.

ಮೇಲೆ ಹತ್ತಿ ಬಟ್ಟೆ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ್ದು. ಇಸ್ತ್ರಿ ಪೆಟ್ಟಿಗೆ ಉಣ್ಣೆಯ ಗುರುತಿಗೆ. ತಳ್ಳಬೇಡಿ! ಇಡಿ, ಒತ್ತಿ, ಹತ್ತು ಎಣಿಸಿ, ಎತ್ತಿ. ಎತ್ತಿದ ತಕ್ಷಣ ಹಬೆ ಏಳುತ್ತಿರುವಾಗಲೇ ಒಂದು ಒಣ ಮರದ ಹಲಗೆ ಇಟ್ಟು ಒತ್ತಿ ಹಿಡೀರಿ. ಮಡಿಕೆ ನಿಲ್ಲೋದು ಬಿಸಿಯಲ್ಲಲ್ಲ, ಆರುವಾಗ. ಉಣ್ಣೆ ಹಬೆಗೆ ಮೆತ್ತಗಾಗಿ, ತಣ್ಣಗಾಗುವಾಗ ಯಾವ ಆಕಾರದಲ್ಲಿ ಇರುತ್ತೋ ಅದನ್ನೇ ಹಿಡಿಯುತ್ತೆ. ಬಿಸಿ ಇರುವಾಗಲೇ ಸರಿಸಿದರೆ ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ಕೆಳ ಅಂಚಿಂದ ಶುರು ಮಾಡಿ ಮೇಲೆ ಹೋಗಿ, ಫೆಲ್ ಹತ್ತಿರ ಹಗುರ ಕೈ. ಒಣ ಇಸ್ತ್ರಿ ನೇರವಾಗಿ ತಾಗಿದರೆ ಟ್ವೀಡ್ ಮೇಲೆ ಹೊಳಪು ಬರುತ್ತೆ, ಅದು ಮತ್ತೆ ಹೋಗೋದಿಲ್ಲ.

ಎಷ್ಟೇ ಮಾಡಿದರೂ ಟಾರ್ಟನ್ನಿನ ಹಾಗೆ ಕತ್ತಿಯಂಚು ಬರೋದಿಲ್ಲ. ಬರಲೇಬೇಕು ಅಂತ ಒಳಮಡಿಕೆಗೆಲ್ಲ ಮೆಷಿನ್ ಹೊಲಿಗೆ ಹಾಕಿಸೋರಿದ್ದಾರೆ, ಆಮೇಲೆ ಅದು ಕಿಲ್ಟ್ ಹಾಗೆ ಬೀಳದೆ ರಟ್ಟಿನ ಹಾಗೆ ನಿಲ್ಲುತ್ತೆ. ಟ್ವೀಡಿನ ನೆರಿಗೆ ಗುಂಡು ಅಂಚಿನದು, ಅದರ ಚೆಂದವೇ ಅದು.

ಮಳೆಗೆ ನೆಂದರೆ ಹೀಟರ್ ಹತ್ತಿರ ಒಯ್ಯಬೇಡಿ. ನಾಲ್ಕು ಕ್ಲಿಪ್ಪಿನ ಹ್ಯಾಂಗರಿಗೆ ಸೊಂಟದ ಪಟ್ಟಿ ಹಿಡಿಸಿ, ನೆರಿಗೆ ಕೈಯಲ್ಲಿ ಎಳೆದು ಬಿಟ್ಟು, ನೆರಳಲ್ಲಿ ಆರಲಿ. ಕೆಸರು ಪೂರ್ತಿ ಒಣಗಿದ ಮೇಲೆ ಬ್ರಷ್. ಒದ್ದೆಯಲ್ಲಿ ಒರೆಸಿದರೆ ಕೆಸರು ನೂಲಿನೊಳಕ್ಕೆ ಹೋಗುತ್ತೆ. ಮೆಷಿನ್‌ಗೆ ಹಾಕಿದರೆ ಉಣ್ಣೆಯ ಎಳೆಗಳ ಪೊರೆ ಒಂದಕ್ಕೊಂದು ಸಿಕ್ಕಿ ಬಟ್ಟೆ ಜಮಖಾನ ಆಗುತ್ತೆ, ವಾಪಸ್ ಬರೋ ದಾರಿ ಇಲ್ಲ. ಡ್ರೈಕ್ಲೀನಿಂಗಿಗೆ ಕೊಡುವಾಗಲೂ ಕಚ್ಚಾ ಹೊಲಿಗೆ ಹಾಕಿಯೇ ಕೊಡಿ.

ಕೂರುವಾಗ ಒಂದೇ ಅಭ್ಯಾಸ ಸಾಕು: ಕೂರುವ ಮುಂಚೆ ಅಂಗೈಯಿಂದ ಹಿಂದಿನ ನೆರಿಗೆಯನ್ನು ಕೆಳಕ್ಕೆ ಸವರಿ ಕೂತುಕೊಳ್ಳೋದು. ಲಂಗ ಉಡೋ ಹುಡುಗಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

14. ಕರಾವಳಿಮಳೆ

ಊರಿಗೆ ತರುವವರಿಗೆ ಮಾತ್ರ ಈ ಮಾತು ಮಾರಾಯ್ರೆ. ಉಡುಪಿ, ಮಂಗಳೂರಿನ ಜೂನ್‌ನಲ್ಲಿ ಟ್ವೀಡನ್ನು ಕಪಾಟಿನಲ್ಲಿ ನೇತುಹಾಕಿದರೆ ಬೂಸ್ಟು ಮತ್ತು ನುಸಿ ಎರಡೂ ಒಟ್ಟಿಗೆ ಬರುತ್ತವೆ.

ನುಸಿ ಪತಂಗಕ್ಕೆ ಕತ್ತಲೆ ಬೇಕು, ಅಲ್ಲಾಡದ ಮಡಿಕೆ ಬೇಕು. ಕಿಲ್ಟಿನ ನೆರಿಗೆ ಅದಕ್ಕೆ ಕಟ್ಟಿಸಿಕೊಟ್ಟ ಮನೆ. ತಿನ್ನುವುದು ಪತಂಗ ಅಲ್ಲ, ಅದರ ಹುಳ. ಅದಕ್ಕೂ ಬರೀ ಉಣ್ಣೆಗಿಂತ ಬೆವರು, ಊಟದ ಕಲೆ ಹತ್ತಿದ ಉಣ್ಣೆ ಇಷ್ಟ. ಹಾಗಾಗಿ ಇಡುವ ಮುಂಚೆ ಕಲೆ ತೆಗೆದು, ಒಂದೊಂದೇ ನೆರಿಗೆ ಬಿಡಿಸಿ ಬ್ರಷ್ ಮಾಡಿ. ಆಮೇಲೆ ಏಪ್ರನ್ ಒಳಗೆ ಬರುವ ಹಾಗೆ ಮಡಿಚಿ, ಸೊಂಟದ ಪಟ್ಟಿಗೆ ಸಮನಾಗಿ ಚಾಪೆಯ ಹಾಗೆ ಸುತ್ತಿ, ಹಳೆಯ ಪಂಚೆಯಲ್ಲಿ ಕಟ್ಟಿ. ಪ್ರಯಾಣಕ್ಕೂ ಈ ಸುರುಳಿಯೇ ಒಳ್ಳೆಯದು, ನೆರಿಗೆ ಮುದುಡುವುದಿಲ್ಲ.

ನುಸಿಗುಳಿಗೆ ಹಾಕುವುದಾದರೆ ಬಟ್ಟೆಗೆ ತಾಗಿಸದೆ ಮೇಲ್ಭಾಗದಲ್ಲಿ ಇಡಿ. ಅದರ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಆದರೆ ಟ್ವೀಡಿಗೆ ಹತ್ತಿದ ಆ ವಾಸನೆ ಸುಲಭದಲ್ಲಿ ಬಿಡುವುದಿಲ್ಲ. ಅದಕ್ಕಿಂತ ಫ್ರೀಜರ್ ಲೇಸು: ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬೇಡಿ, ಒಂದು ದಿನ ಹಾಗೇ ಇರಲಿ. ನೀರ ಹನಿ ಚೀಲದ ಹೊರಗೆ ಕೂರುತ್ತದೆ, ಬಟ್ಟೆಗಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಸುರುಳಿ ಬಿಚ್ಚಿ ಗಾಳಿಗೆ ಹಾಕಿ.

ಮತ್ತೆ, ಕಾಲುಚೀಲದಲ್ಲಿ ಸಿಕ್ಕಿಸುವ ಸ್ಕಿಯನ್ ಡೂ ಚೂರಿ ವಿಮಾನದಲ್ಲಿ ಕೈಚೀಲಕ್ಕೆ ಹಾಕುವ ಹಾಗಿಲ್ಲ, ದೊಡ್ಡ ಲಗೇಜಿಗೆ. ಸ್ಕಾಟ್ಲೆಂಡಿನ 1995ರ ಕಾನೂನು ರಾಷ್ಟ್ರೀಯ ಉಡುಗೆಯ ಭಾಗವಾಗಿ ಅದನ್ನು ಇಟ್ಟುಕೊಳ್ಳಲು ಬಿಡುತ್ತದೆ. ಆ ವಿನಾಯಿತಿ ಪ್ಯಾಂಟ್ ಹಾಕಿ ಜೇಬಿನಲ್ಲಿ ಇಟ್ಟುಕೊಂಡವರಿಗಲ್ಲ.

15. ಮೊಣಕಾಲುದ್ದ

ಎಲ್ಲ ಬರೆದುಕೊಂಡೆ. ಅಡ್ಡಕ್ಕೆ ಮೂರು ತುಂಡು, 19 ನೆರಿಗೆ. ಕೊನೆಯದೊಂದು: ನಡು ಒಂದೆರಡು ಇಂಚು ಹೆಚ್ಚುಕಡಿಮೆ ಆದರೆ?

16. ದರ್ಜಿಮನೆ

ಪಟ್ಟಿಯ ಐದು ತೂತಿನಲ್ಲಿ ಮೊದಲ ದಿನ ನಡುವಿನದರಲ್ಲಿ ಕೂರೋ ಹಾಗೆ ಬಕಲ್ ಹೊಲಿಸಿ, ಚರ್ಮ ಹೇಗೂ ಸ್ವಲ್ಪ ಹಿಗ್ಗುತ್ತೆ. ಅದೂ ಸಾಲದೆ ಹೋದರೆ ಬಕಲ್ ಬಿಚ್ಚಿ ಸರಿಸಬಹುದು, ಒಟ್ಟು ಎರಡು ಇಂಚಿನವರೆಗೆ ತೊಂದರೆ ಇಲ್ಲ. ಆದರೆ ಎಡಕ್ಕೆ ಎಷ್ಟು ಸರಿಸಿದಿರೋ ಬಲಕ್ಕೂ ಅಷ್ಟೇ. ಎಡಗಡೆ ಬಕಲ್ ಕಾಣೋದಿಲ್ಲ ಅಂತ ಅದನ್ನು ಬಿಟ್ಟು ಬಲದ್ದನ್ನು ಮಾತ್ರ ಸರಿಸಿದರೆ ಏಪ್ರನ್ ಪಕ್ಕಕ್ಕೆ ತಿರುಗುತ್ತೆ, ನಿಮ್ಮ ಆ ಕಿತ್ತಳೆ ಗೆರೆ ಸ್ಪಾರನ್ನಿನ ನಡುವಿಂದ ಎರಡು ಬೆರಳು ಆಚೆ ಹೋಗಿ ನಿಲ್ಲುತ್ತೆ.